ಮುದುಕಿಯ ಕಡ್ಡಿಗಳು

ನಮ್ಮ ನರ್ಸರಿಯ ಹಿಂದಿನ ಬೇಲಿಗುಂಟ ಐದು ಅಕ್ರೋಟು ಮರಗಳಿವೆ. ಕುಲ ಒಂದೇ, ಆದರೆ ಒಂದರ ಮುಖ ಇನ್ನೊಂದಕ್ಕೆ ಆಗಿಬರುವುದಿಲ್ಲ. ಮೊದಲನೆಯದು ಅಂಗಡಿಯಲ್ಲಿ ಎಲ್ಲರೂ ಕೊಳ್ಳುವ ತೆಳುಚಿಪ್ಪಿನದು. ತೊಗಟೆ ನಯ, ಬಣ್ಣ ಬೂದಿಯದು, ಎರಡು ಕಾಯಿ ಅಂಗೈಯಲ್ಲಿಟ್ಟು ಅಮುಕಿದರೆ ಒಂದಾದರೂ ಒಡೆಯಲೇಬೇಕು. ಎರಡನೆಯದು ಕರಿ ಅಕ್ರೋಟು. ಅದರ ತೊಗಟೆ ಉತ್ತ ಹೊಲದ ಹಾಗೆ ಸೀಳುಸೀಳು, ಕಾಯಿ ಒಡೆಯಲು ಸುತ್ತಿಗೆ ಬೇಕು, ಬುಡದಲ್ಲಿ ಟೊಮೇಟೊ ನೆಟ್ಟರೆ ವಾರದೊಳಗೆ ಬಾಡಿ ಮಲಗುತ್ತದೆ. ಮೂರನೆಯದರ ಕಾಯಿ ಉದ್ದ, ಮುಟ್ಟಿದರೆ ಅಂಟು. ನಾಲ್ಕನೆಯದು ಗೊಂಚಲು ಗೊಂಚಲಾಗಿ ಬಿಡುತ್ತದೆ, ಒಡೆದರೆ ತಿರುಳು ಹೃದಯದ ಆಕಾರ. ಮದುವೆಯಾಗುವ ಹುಡುಗರು ಅದನ್ನು ಕೇಳಿಕೊಂಡು ಬರುತ್ತಾರೆ, ಮದುವೆಯಾದ ಮೇಲೆ ಯಾರೂ ಬರುವುದಿಲ್ಲ ಎಂದು ಮಾವ ನಗುತ್ತಿದ್ದ. ಐದನೆಯದರ ಕಾಯಿ ಗೋಲಿಯಷ್ಟೇ. ಅದನ್ನು ಕಂಡರೆ ಅಳಿಲಿಗೂ ಬೇಸರ.

ಮಾವ ಇವನ್ನು ದಾಯಾದಿಗಳು ಎಂದು ಕರೆಯುತ್ತಿದ್ದ. ಪಕ್ಕಪಕ್ಕದಲ್ಲೇ ನಿಂತಿರುತ್ತವೆ, ಒಬ್ಬನಿಗೆ ಬಂದ ಕಷ್ಟ ಇನ್ನೊಬ್ಬ ತನ್ನದೆಂದುಕೊಳ್ಳುವುದಿಲ್ಲ ಎನ್ನುತ್ತಿದ್ದ. ನಾನು ಅದನ್ನು ತಮಾಷೆ ಎಂದೇ ಎಣಿಸಿದ್ದೆ.

ಈ ದಾಯಾದಿಗಳಲ್ಲಿ ಇಬ್ಬರನ್ನು ಹಿಡಿದು ಒಂದು ಮಾಡುವುದು ನಮ್ಮ ಕಸುಬು. ತೆಳುಚಿಪ್ಪಿನದರ ಬೇರು ನಾಜೂಕು, ನೀರು ನಿಂತರೆ ಕೊಳೆಯುತ್ತದೆ. ಕರಿಯದರ ಬೇರು ಎಂಥ ನೆಲಕ್ಕೂ ಜಗ್ಗುವುದಿಲ್ಲ. ಹಾಗಾಗಿ ಕರಿಯದರ ಸಸಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಸೀಳಿ, ತೆಳುಚಿಪ್ಪಿನದರ ಕಡ್ಡಿಯನ್ನು ಅದರಲ್ಲಿ ಕೂರಿಸಿ ಕಟ್ಟುತ್ತೇವೆ. ಎಲ್ಲ ಮರದ ಕಸಿಗಿಂತ ಅಕ್ರೋಟಿನ ಕಸಿ ಕಷ್ಟ. ಚಳಿ ಬಿಟ್ಟ ಕೂಡಲೇ ಬೇರು ಎಷ್ಟು ನೀರನ್ನು ಮೇಲಕ್ಕೆ ನೂಕುತ್ತದೆಂದರೆ ಕಡ್ಡಿ ಅದರಲ್ಲಿ ಮುಳುಗಿ ಸಾಯುತ್ತದೆ. ಕಡ್ಡಿ ಮತ್ತು ಸಸಿ ಕೂಡುವ ಗಂಟಿನ ಕೆಳಗೆ ಎರಡು ಗಾಯ ಮಾಡಿ ಆ ನೀರನ್ನು ಹೊರಗೆ ಹರಿಸಬೇಕು. ಗಿಡವನ್ನು ಅಳಿಸುವುದು ಎನ್ನುತ್ತೇವೆ ಅದಕ್ಕೆ. ಎಷ್ಟು ಅಳಿಸಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಹೆಬ್ಬೆರಳಿಗೆ ಗೊತ್ತಿರಬೇಕು.

ನನ್ನ ಹೆಬ್ಬೆರಳಿಗೆ ಗೊತ್ತಿತ್ತು. ನನಗೆ ಗೊತ್ತಿದ್ದದ್ದೇ ಅದೊಂದು. ಒಂಬತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟು ಬಂದೆ. ಲೆಕ್ಕದ ಮೇಷ್ಟ್ರು ಮನೆಯವರೆಗೆ ಬಂದು, ಇವನು ಯಾವುದನ್ನೂ ಪೂರ್ತಿ ಮಾಡುವವನಲ್ಲ, ನರ್ಸರಿಯನ್ನೂ ಎರಡು ತಿಂಗಳಿಗೆ ಬಿಡುತ್ತಾನೆ, ಬರೆದಿಟ್ಟುಕೊಳ್ಳಿ ಎಂದು ಅಮ್ಮನಿಗೆ ಹೇಳಿ ಹೋದರು. ಅಮ್ಮ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ತನ್ನಣ್ಣನಿಗೆ, ಅಂದರೆ ಮಾವನಿಗೆ, ಒಂದು ಮಾತು ಹೇಳಿದಳು: ಇವನು ಕಟ್ಟಿದ ಮೊದಲ ಗಿಡಗಳನ್ನು ನನ್ನ ಇಳಿಜಾರು ಹೊಲದಲ್ಲೇ ನೆಡಬೇಕು. ಅಪ್ಪ ಹೋದ ಮೇಲೆ ಅವಳಿಗೆ ಉಳಿದಿದ್ದು ಆ ಇಳಿಜಾರು, ಮತ್ತೆ ನಾನು. ಎರಡನ್ನೂ ಒಂದೇ ಕಡೆ ಹೂಡಿದಳು.

ಆ ಚಳಿಗಾಲ ಮಾವ ನನ್ನನ್ನು ಮುದುಕಿಯ ಮೇಲೆ ಹತ್ತಿಸಿದ. ಮುದುಕಿ ಅಂದರೆ ನರ್ಸರಿಯ ನಡುವೆ ಇರುವ ತಾಯಿಮರ. ಬೀಜದಿಂದ ಎದ್ದು ತನ್ನ ಬೇರಿನ ಮೇಲೇ ನಿಂತ ತೆಳುಚಿಪ್ಪಿನ ಮರ, ಮಾವನ ಅಪ್ಪನಿಗಿಂತ ಹಿರಿಯಳು. ನಮ್ಮ ಕಸುಬಿನವರಲ್ಲಿ ಒಂದು ಪದ್ಧತಿಯಿದೆ: ಕಡ್ಡಿಯನ್ನು ಯಾವತ್ತೂ ಕಾಯಿಲೆ ಬೀಳದ ಮರದಿಂದಲೇ ತೆಗೆಯಬೇಕು. ಮುದುಕಿಗೆ ಒಂದು ಎಲೆ ಅಕಾಲದಲ್ಲಿ ಹಳದಿಯಾಗಿದ್ದನ್ನು ಕಂಡವರಿಲ್ಲ. ನಾನು ತೆಗೆದು ಕಟ್ಟಿದ ಅರವತ್ತು ಕಡ್ಡಿಗಳಲ್ಲಿ ನಲವತ್ತೆಂಟು ಹಿಡಿದವು. ನಲವತ್ತೆಂಟೂ ಇಳಿಜಾರಿಗೆ ಹೋದವು. ಹದಿನಾಲ್ಕು ವರ್ಷದವನಿಗೆ ಅಷ್ಟು ಹಿಡಿದಿದ್ದು ಕೇಳಿ ಬೇರೆ ನರ್ಸರಿಯವರು ನನ್ನ ಕೈ ನೋಡಲು ಬಂದಿದ್ದರು, ನಿಜವಾಗಿ. ಒಬ್ಬ ತಿರುಗಿಸಿ ಮುರುಗಿಸಿ ನೋಡಿ, ಉಗುರು ಮಾತ್ರ ಕೊಳಕು ಎಂದು ಹೇಳಿ ಹೋದ.

ಅದಾಗಿ ಒಂಬತ್ತು ವರ್ಷ.

ನಾಲ್ಕು ವರ್ಷದ ಹಿಂದೆ ಮಾವ ಬದಲಾದ. ಇನ್ನು ಮೇಲೆ ಮುದುಕಿಯಿಂದ ಕಡ್ಡಿ ತೆಗೆಯುವುದು ಬೇಡ, ಗೇಟಿನ ಹತ್ತಿರದ ಮರದಿಂದ ಮಾತ್ರ ತೆಗೆ ಎಂದ. ಯಾಕೆ ಎಂದರೆ ಮುದುಕಿಗೆ ವಯಸ್ಸಾಯಿತು, ವಿಶ್ರಾಂತಿ ಬೇಕು ಎಂದ. ಮರಕ್ಕೆ ವಿಶ್ರಾಂತಿ! ಗೇಟಿನ ಮರದ ಕಾಯಿ ಸಪ್ಪೆ, ಚಿಪ್ಪು ದಪ್ಪ. ಗಿಡ ಕೊಳ್ಳಲು ಬಂದವರು ಮುದುಕಿಯ ಮರಿ ಕೊಡಿ ಎಂದು ಕೇಳುವುದು, ಮಾವ ಇಲ್ಲವೆನ್ನುವುದು, ಅವರು ಮುಖ ಗಂಟಿಕ್ಕಿಕೊಂಡು ಪಕ್ಕದ ನರ್ಸರಿಗೆ ಹೋಗುವುದು, ನಾನು ಕೈಯಲ್ಲಿ ಚಾಕು ಹಿಡಿದುಕೊಂಡು ನೋಡುತ್ತ ನಿಲ್ಲುವುದು. ಆ ಹೊತ್ತಿಗೆ ಮಾವನ ಕೈ ಸ್ವಲ್ಪ ನಡುಗಲು ಶುರುವಾಗಿತ್ತು. ನಾನು ಕಟ್ಟಿದ ನೂರರಲ್ಲಿ ಎಂಬತ್ತು ಹಿಡಿಯುತ್ತಿತ್ತು, ಅವನ ನೂರರಲ್ಲಿ ಐವತ್ತು. ನಾನು ಕೂಡಿಸಿ ಕಳೆದೆ. ಅಳಿಯನ ಕೈ ಮೇಲಾಯಿತು, ಅದನ್ನು ಕಂಡು ಹೊಟ್ಟೆ ಉರಿಯಿತು, ಒಳ್ಳೆಯ ಕಡ್ಡಿ ಕೊಡದೆ ನನ್ನನ್ನು ತುಳಿಯುತ್ತಿದ್ದಾನೆ. ಉತ್ತರ ಸರಿಯಾಗಿ ಬಂದಂತೆ ಕಂಡಿತು. ಎರಡು ವರ್ಷ ಹಲ್ಲು ಕಚ್ಚಿಕೊಂಡಿದ್ದೆ.

ಮೂರನೆಯ ಚಳಿಗಾಲ ಮಾವ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಎರಡು ವಾರ ಮನೆಯಲ್ಲೇ ಕೂತ. ನಾನು ಮಟಮಟ ಮಧ್ಯಾಹ್ನ ಏಣಿ ಹಾಕಿಕೊಂಡು ಮುದುಕಿಯನ್ನು ಹತ್ತಿದೆ. ಪೆನ್ಸಿಲ್ ದಪ್ಪದ ಕಡ್ಡಿಗಳು, ಚಿಗುರೊಡೆಯುವ ಕಣ್ಣುಗಳು ಉಬ್ಬಿಕೊಂಡಂಥವು. ಒದ್ದೆ ಮರದ ಪುಡಿಯಲ್ಲಿ ಹೂತಿಟ್ಟು, ಪೆಟ್ಟಿಗೆಯ ಮೇಲೆ ‘ಗೇಟು’ ಎಂದು ಬರೆದೆ. ಚಳಿ ಬಿಟ್ಟಾಗ ಇನ್ನೂರ ನಲವತ್ತು ಕರಿ ಸಸಿಗಳ ಮೇಲೆ ಅವನ್ನು ಕೂರಿಸಿದೆ. ಇನ್ನೂರ ಹನ್ನೊಂದು ಹಿಡಿದವು. ಮುಂದಿನ ಚಳಿಗಾಲ ಎಲ್ಲವೂ ಲಾರಿ ಹತ್ತಿ ಮೂರು ಸಂತೆಗೆ ಹೋದವು. ಕೊಂಡವರಿಗೆ ನಾನೇ ಕಿವಿಯಲ್ಲಿ ಹೇಳುತ್ತಿದ್ದೆ, ಗೇಟು ಅಂತ ಚೀಟಿ ಇದೆ, ನಂಬಬೇಡಿ, ಇದು ಮುದುಕಿಯದು ಎಂದು. ಲೆಕ್ಕದ ಮೇಷ್ಟ್ರು ರಿಟೈರ್ ಆಗಿದ್ದರು. ಅವರು ತಾವಾಗಿಯೇ ಬಂದು ಎಂಟು ಗಿಡ ಒಯ್ದರು. ನನ್ನ ಹಳೇ ಶಿಷ್ಯನ ಕೈ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಅವತ್ತು ನಾನು ನೆಲದ ಮೇಲೆ ನಡೆಯಲಿಲ್ಲ.

ಈ ವರ್ಷದ ಕೊಯ್ಲಿಗೆ ಇಳಿಜಾರಿಗೆ ಹೋದೆ. ಇಷ್ಟು ಕಾಯಿ ನಾನು ಯಾವತ್ತೂ ಕಂಡಿರಲಿಲ್ಲ. ಟೊಂಗೆ ಭಾರಕ್ಕೆ ಬಾಗಿ ನೆಲ ಮುಟ್ಟಿತ್ತು. ಅಮ್ಮ ಹಸಿರು ಸಿಪ್ಪೆ ಸುಲಿದು ಸುಲಿದು ಮೊಣಕೈವರೆಗೆ ಕಪ್ಪಾಗಿದ್ದಳು. ಅದು ಸೋಪಿಗೆ ಹೋಗುವ ಬಣ್ಣವಲ್ಲ, ಚರ್ಮ ಬದಲಾಗಬೇಕು. ಆದರೆ ತುದಿಯ ಎಲೆಗಳು ಆಗಲೇ ಹಳದಿ. ಒಂದೆರಡು ಮರದ ನೆತ್ತಿ ಒಣಗಿತ್ತು. ಬುಡದಲ್ಲಿ, ಗಂಟಿನ ಕೆಳಗಿನಿಂದ, ಕರಿಯದರ ಚಿಗುರು ಪೊದೆಯಾಗಿ ಎದ್ದಿತ್ತು. ಮೇಲಿನವರು ಸತ್ತರು ಎಂದು ಆಗಲೇ ತಿಳಿದುಬಿಟ್ಟ ಹಾಗೆ.

ಚಿಗುರು ಸವರಲು ಕೂತಾಗ ಮೂರನೆಯ ಮರದ ಗಂಟಿನ ಮೇಲೆ ಪಾಚಿಯಡಿ ಬೆರಳಿಗೆ ಏನೋ ತಾಗಿತು. ಕೆರೆದೆ. ಅಂಚೆಚೀಟಿಯಷ್ಟು ಚೌಕ, ಅದರ ಮೇಲೆ ಇಟ್ಟಿಗೆ ಬಣ್ಣದ ಮೇಣ. ಜೇನುಮೇಣಕ್ಕೆ ರಾಳದ ಜೊತೆ ಇಟ್ಟಿಗೆಪುಡಿ ಬೆರೆಸುವವನು ಈ ಕಡೆ ಒಬ್ಬನೇ, ನನ್ನ ಮಾವ. ಮೇಣ ಎಬ್ಬಿಸಿದೆ. ಯಾರೋ ತೊಗಟೆಯನ್ನು ಚೌಕವಾಗಿ ಕೊಯ್ದು ತೆಗೆದಿದ್ದರು. ಒಳಗೆ, ಕೆಳಗಿನ ಕರಿ ತೊಗಟೆಗೂ ಮೇಲಿನ ಬೂದು ತೊಗಟೆಗೂ ನಡುವೆ, ಪೆನ್ನಿನಲ್ಲಿ ಎಳೆದಂತೆ ಒಂದು ಕಪ್ಪು ಗೆರೆ. ಚಾಕು ತಾಗಿಸಿದರೆ ಪುಡಿಯಾಯಿತು. ಸತ್ತ ಮರ. ನಾಲ್ಕನೆಯದಕ್ಕೆ ಹೋದೆ, ಅಲ್ಲೂ ಮೇಣ. ಏಳು, ಒಂಬತ್ತು, ಹದಿನಾಲ್ಕು. ಒಟ್ಟು ಹನ್ನೊಂದು ಮರದಲ್ಲಿ ಹಳೆಯ ಕಿಟಕಿ. ಉಳಿದವನ್ನು ನಾನೇ ಕೊಯ್ದು ನೋಡಿದೆ. ಎಲ್ಲದರಲ್ಲೂ ಗೆರೆ.

ನನಗೆ ಆಗ ತೋಚಿದ್ದು ಒಂದೇ. ನನ್ನ ಮೊದಲ ಗಿಡಗಳನ್ನು ಇವನು ಹಾಳು ಮಾಡಿದ್ದಾನೆ. ಗಂಟಿಗೇ ಚಾಕು ಹಾಕಿ ಕೊಂದಿದ್ದಾನೆ.

ಮಾವ ಶೆಡ್ಡಿನಲ್ಲಿ ಕೂತು ಚಾಕು ಮಸೆಯುತ್ತಿದ್ದ. ಆಪರೇಷನ್ ಆದ ಮೇಲೆ ಹಾಕಿಕೊಂಡ ದಪ್ಪ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ನಾನು ಮೇಣದ ಚೂರನ್ನು ಅವನ ಮುಂದಿನ ಕಲ್ಲಿನ ಮೇಲೆ ಎಸೆದೆ. ಬಾಯಿಗೆ ಬಂದಿದ್ದೆಲ್ಲ ಬೈದೆ. ಹೊಟ್ಟೆಕಿಚ್ಚಿನವನು ಎಂದೆ, ನಡುಗುವ ಕೈಯವನು ಎಂದೆ, ತಂಗಿಯ ಹೊಟ್ಟೆಗೆ ಮಣ್ಣು ಹಾಕಿದವನು ಎಂದೆ. ನನ್ನ ಮಾತು ಮುಗಿದ ಮೇಲೆ ಅವನು ಚಾಕುವನ್ನು ಪ್ಯಾಂಟಿಗೆ ಒರೆಸಿ ಮಡಚಿ ಜೇಬಿಗೆ ಹಾಕಿಕೊಂಡ.

"ಕೂತ್ಕೋ," ಎಂದ.

"ಕೂರಲ್ಲ."

"ನಿಂತ್ಕೊಂಡೇ ಕೇಳು ಹಾಗಾದ್ರೆ. ಆ ಗೆರೆ ನಾನು ಹಾಕಿದ್ದಲ್ಲ. ನಾನು ಕಿಟಕಿ ಕೊಯ್ದು ನೋಡಿದೆ ಅಷ್ಟೆ. ನೋಡಿ ಮುಚ್ಚಿದೆ."

ಆಮೇಲೆ ಹೇಳಿದ, ಒಂದೊಂದೇ ಮಾತು, ಹಲ್ಲು ಕೀಳಿಸಿಕೊಳ್ಳುವವನ ಹಾಗೆ. ನಾಲ್ಕು ವರ್ಷದ ಹಿಂದೆ ಇಳಿಜಾರಿನ ಒಂದು ಮರ ಮಂಕಾಗಿದ್ದು ಕಂಡು ಅನುಮಾನ ಬಂತಂತೆ. ಮುದುಕಿಯ ಎರಡು ಕಡ್ಡಿಯನ್ನು ಒದ್ದೆ ಪೇಪರಿನಲ್ಲಿ ಸುತ್ತಿ ದೂರದ ಲ್ಯಾಬಿಗೆ ಕಳಿಸಿದನಂತೆ. ಉತ್ತರ ಬಂತು. ಮುದುಕಿಯ ಮೈಯಲ್ಲಿ ಒಂದು ವೈರಸ್ ಇದೆ. ಯಾವುದೋ ಕಾಲದಲ್ಲಿ ಹೂವಿನ ಪುಡಿಯ ಜೊತೆ ಗಾಳಿಯಲ್ಲಿ ಬಂದು ಸೇರಿಕೊಂಡಿದೆ, ಅದಕ್ಕಿಂತ ಹಿಂದಿನ ಕಡ್ಡಿಗಳೆಲ್ಲ ಚೆನ್ನಾಗಿಯೇ ಇವೆ. ತೆಳುಚಿಪ್ಪಿನ ಜಾತಿಗೆ ಅದರಿಂದ ಏನೂ ಆಗುವುದಿಲ್ಲ. ಒಳಗಿಟ್ಟುಕೊಂಡೇ ನೂರು ವರ್ಷ ಹಸಿರಾಗಿರುತ್ತದೆ. ಮುದುಕಿ ತನ್ನ ಬೇರಿನ ಮೇಲೆ ತಾನೇ ನಿಂತಿದ್ದರಿಂದ ಅವಳ ಮೈಯಲ್ಲಿ ಒಂದು ಗುರುತೂ ಕಾಣಲಿಲ್ಲ.

"ಕರಿಯದು ಹಾಗಲ್ಲ ನೋಡು," ಎಂದ ಮಾವ. "ಅದಕ್ಕೆ ಭಾರಿ ರೋಷ. ಕಾಯಿಲೆ ಮೇಲಿಂದ ಇಳಿದು ಗಂಟಿಗೆ ಬಂತು ಅಂದ್ರೆ, ಒಳಗೆ ಬಿಟ್ಕೊಳ್ಳಲ್ಲ. ಬಾಗಿಲಲ್ಲೇ ತನ್ನ ಮೈ ತಾನೇ ಸಾಯಿಸಿಕೊಂಡು ಗೋಡೆ ಕಟ್ಟುತ್ತೆ. ಅದೇ ಗೆರೆ. ಅದು ಸುತ್ತ ಒಂದು ಸುತ್ತು ಬಂತೋ, ಮೇಲಿಂದ ಕೆಳಕ್ಕೆ ಅನ್ನ ಇಳಿಯಲ್ಲ. ಬೇರು ಉಪವಾಸ, ಮೇಲೆ ಸುಗ್ಗಿ."

ಇಳಿಜಾರಿನ ಆ ಬಾಗಿದ ಟೊಂಗೆಗಳು ಕಣ್ಣ ಮುಂದೆ ಬಂದವು. ಕೆಳಗೆ ಹೋಗಲಾರದ್ದೆಲ್ಲ ಕಾಯಿಯಾಗಿತ್ತು.

"ನಲವತ್ತೆಂಟೂ?" ಎಂದೆ.

"ನಲವತ್ತೆಂಟೂ. ಇನ್ನೊಂದೆರಡು ವರ್ಷ."

"ಅಮ್ಮನಿಗೆ ಗೊತ್ತಾ?"

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. "ಮೊದಲನೇ ಕಿಟಕಿ ಕೊಯ್ದಾಗ ಅವಳೇ ಪಕ್ಕದಲ್ಲಿ ಕೂತಿದ್ದಳು. ಮುಚ್ಚು ಅಂದಳು. ಇವನು ಶಾಲೆ ಬಿಟ್ಟು ಬಂದವನು ಅಣ್ಣಾ, ಇವನ ಹತ್ರ ಇರೋದು ಅದೊಂದೇ ಕೈ. ಮೊದಲು ಕಟ್ಟಿದ್ದೇ ಎಲ್ಲಾ ಸಾಯ್ತಿದೆ ಅಂದ್ರೆ ಚಾಕು ಮುಟ್ಟಲ್ಲ ಇನ್ನು. ಒಂದು ಸಾವಿರ ಗಿಡ ಕಟ್ಟಲಿ, ಕೈ ಗಟ್ಟಿಯಾಗಲಿ, ಆಮೇಲೆ ಹೇಳೋಣ ಅಂದಳು. ಮುದುಕಿನ ಅವತ್ತೇ ಕಡೀಬೇಕಾಗಿತ್ತು. ಕಡಿದಿದ್ರೆ ಯಾಕೆ ಅಂತ ನೀನು ಬಿಡ್ತಿದ್ಯಾ?"

ನಾಲ್ಕು ವರ್ಷ ಆ ಸಾಯುವ ಮರಗಳ ಕೆಳಗೆ ಅಮ್ಮ ಕಾಯಿ ಆರಿಸಿದ್ದಳು. ಪ್ರತಿ ಕೊಯ್ಲಿಗೂ ನನ್ನ ಕೈಗೆ ಮೊದಲ ತಿರುಳು ಕೊಟ್ಟು, ನೋಡೋ, ನಿನ್ನ ಕೈಗುಣ ಎಂದಿದ್ದಳು.

ಮಾವ ಎದ್ದು ನನ್ನ ಹೆಗಲ ಮೇಲೆ ಕೈಯಿಟ್ಟ. ಭಾರ ಇಳಿಸಿದವನ ಮುಖ. "ಹೋಗಲಿ ಬಿಡು. ಮುಂಚೆ ಮಾರಿದ್ದು ತಿಳೀದೆ ಮಾರಿದ್ದು. ಗೊತ್ತಾದ ಮೇಲೆ ಮುದುಕಿದು ಒಂದು ಕಡ್ಡೀನೂ ಗೇಟು ದಾಟಿಲ್ಲ. ಅದೊಂದು ಸಮಾಧಾನ ನನಗೆ."

ಹೇಳದೆ ಇರಬಹುದಿತ್ತು. ಇದನ್ನು ಬರೆಯುವಾಗಲೂ ಅನ್ನಿಸುತ್ತದೆ, ಆ ಮನುಷ್ಯನಿಗೆ ಅದೊಂದು ಸಮಾಧಾನವನ್ನಾದರೂ ಬಿಡಬಹುದಿತ್ತು. ಪೆಟ್ಟಿಗೆ, ಏಣಿ, ಚೀಟಿ, ಎಲ್ಲ ಹೇಳಿದೆ. ಎಲ್ಲೂ ಅವನ ಮುಖ ನೋಡಲಿಲ್ಲ, ಮಸೆಗಲ್ಲನ್ನು ನೋಡಿಕೊಂಡೇ ಹೇಳಿದೆ.

"ಎಷ್ಟು?" ಎಂದ.

"ಇನ್ನೂರ ನಲವತ್ತು ಕಟ್ಟಿದ್ದೆ."

"ಹಿಡಿದಿದ್ದು?"

"ಇನ್ನೂರ ಹನ್ನೊಂದು."

ಮಾವ ಮತ್ತೆ ಸ್ಟೂಲಿನ ಮೇಲೆ ಕೂತ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಉಳಿದುಕೊಳ್ಳುತ್ತಿದ್ದೆ. ಅವನು ತುಟಿಯಲ್ಲೇ ಏನೋ ಲೆಕ್ಕ ಹಾಕಿದ, ತಲೆ ಅಲ್ಲಾಡಿಸಿದ.

"ನನ್ನ ಜೀವಮಾನದಲ್ಲಿ ಅಷ್ಟು ಹಿಡಿದಿಲ್ಲ ನಂಗೆ," ಎಂದ.

ಮಾರನೆಯ ದಿನ ಬೆಳಿಗ್ಗೆ ಮುದುಕಿಯನ್ನು ಕಡಿದೆವು. ಗರಗಸದ ಒಂದು ತುದಿ ನನ್ನದು, ಇನ್ನೊಂದು ಮಾವನದು. ಅವನಿಗೆ ದಮ್ಮು ಕಟ್ಟಿದಾಗ ಅಮ್ಮ ಹಿಡಿದಳು. ನಾನು ಏನು ಮಾಡಿದ್ದೇನೆಂದು ಮಾವ ಅಮ್ಮನಿಗೆ ಮೊದಲೇ ಹೇಳಿದ್ದ. ಅವಳು ನನ್ನ ಕಡೆ ತಿರುಗಿದ್ದು ಒಂದೇ ಸಲ. "ಹೇಳಿಬಿಡಬೇಕಾಗಿತ್ತು ಕಣೋ ನಿಂಗೆ, ತಪ್ಪಾಯ್ತು," ಎಂದಳು. ಇನ್ನೂರ ಹನ್ನೊಂದು ಗಿಡ ಕೊಂದ ಮಗನಿಗೆ ತಾಯಿ ತಪ್ಪಾಯ್ತು ಅಂದರೆ ಮಗ ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು? ಗರಗಸ ಎಳೆದೆ. ಮರ ಬಿತ್ತು. ಬೊಡ್ಡೆಯನ್ನು ಕೈಯಿಂದ ಸವರಿ ನೋಡಿದೆ. ಗೆರೆಯಿಲ್ಲ, ಕಲೆಯಿಲ್ಲ, ಬಣ್ಣ ಮಾಸಿಲ್ಲ. ಅಷ್ಟು ಶುದ್ಧವಾದ ಮರ ನಾನು ಕಂಡಿಲ್ಲ.

ಮೂರು ಸಂತೆಯ ಜನರಿಗೆ ಹೆಸರು ಎಲ್ಲಿದೆ? ಬಂದರು, ಕೊಂಡರು, ಸೈಕಲ್ಲಿಗೆ ಕಟ್ಟಿಕೊಂಡು, ಬಸ್ಸಿನ ತಲೆಯ ಮೇಲೆ ಹಾಕಿಕೊಂಡು ಹೋದರು. ಒಂದು ವಾರ ತಿರುಗಿದೆ. ಹದಿನೇಳು ಗಿಡ ಪತ್ತೆಯಾಯಿತು. ಒಬ್ಬ ನಾಯಿ ಬಿಡುತ್ತೇನೆ ಎಂದ. ಇನ್ನೊಬ್ಬಳು, ಜಾಸ್ತಿ ಕೊಡುವ ಗಿರಾಕಿ ಸಿಕ್ಕಿದನೇನೋ, ಅದಕ್ಕೇ ವಾಪಸ್ ಕೀಳಲು ಬಂದಿದ್ದೀಯ ಎಂದಳು. ಯಾರೂ ಕೀಳಗೊಡಲಿಲ್ಲ.

ಕೊನೆಗೆ ಮೇಷ್ಟ್ರ ಮನೆಗೆ ಹೋದೆ. ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಹಿತ್ತಿಲಲ್ಲಿ ಎಂಟು ಗಿಡ ಎರಡು ಸಾಲಿನಲ್ಲಿ, ದಾರ ಹಿಡಿದು ನೆಟ್ಟ ಹಾಗೆ. ಒಂದೊಂದಕ್ಕೂ ಕೋಲಿನ ಆಸರೆ, ಬುಡಕ್ಕೆ ಒಣ ಎಲೆಯ ಹೊದಿಕೆ. ಗಿಡಗಳು ನನ್ನ ಎದೆ ಮುಟ್ಟುತ್ತಿದ್ದವು. ಮೇಷ್ಟ್ರು ಕ್ಯಾನಿನಲ್ಲಿ ನೀರು ಹಾಕುತ್ತಿದ್ದರು. ನನ್ನನ್ನು ಕಂಡು ಸಂತೋಷಪಟ್ಟರು, ಅದೇ ಕಷ್ಟವಾಯಿತು. ನಿಂತಲ್ಲೇ ಎಲ್ಲ ಹೇಳಿದೆ. ಅವರು ಕ್ಯಾನನ್ನು ಕೆಳಗಿಡದೆ ಪೂರ್ತಿ ಕೇಳಿಸಿಕೊಂಡರು.

"ತೋರಿಸು," ಎಂದರು. "ಆ ಗೆರೆ ಎಲ್ಲಿದೆ, ತೋರಿಸು."

"ಈಗ ಇರಲ್ಲ ಸಾರ್. ನಾಲ್ಕೈದು ವರ್ಷ ಬೇಕು."

"ಅಂದ್ರೆ ಈಗ ಏನೂ ಇಲ್ಲ."

"ಒಳಗಿದೆ ಸಾರ್. ಕಾಣಲ್ಲ ಅಷ್ಟೆ. ಎಂಟನೇ ವರ್ಷ, ಒಂಬತ್ತನೇ ವರ್ಷ ಚೆನ್ನಾಗಿ ಬಿಡುತ್ತೆ. ತುಂಬಾ ಚೆನ್ನಾಗಿ ಬಿಡುತ್ತೆ. ಆಮೇಲೆ ಸಾಯುತ್ತೆ. ಅಷ್ಟರಲ್ಲಿ ಇದರ ಹೂವಿನ ಪುಡಿ ಪಕ್ಕದ ಮರಗಳಿಗೂ ಹೋಗಿರುತ್ತೆ. ಈಗಲೇ ಕಿತ್ತುಬಿಡ್ತೀನಿ, ಬೇರೆ ಮರದ ಕಡ್ಡಿ ಕಟ್ಟಿ ಎಂಟು ಗಿಡ ತಂದು ನಾನೇ ನೆಡ್ತೀನಿ."

ಅವರು ನನ್ನನ್ನೇ ನೋಡಿದರು. ಕ್ಲಾಸಿನಲ್ಲಿ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ಬೆಪ್ಪಾಗಿ ನಿಂತಾಗ ನೋಡುತ್ತಿದ್ದ ಅದೇ ನೋಟ.

"ಅಂತೂ ಇದನ್ನೂ ಅರ್ಧಕ್ಕೇ ಬಿಡೋಕೆ ಬಂದೆ," ಎಂದರು.

ಬಗ್ಗಿ ಹತ್ತಿರದ ಗಿಡದ ಗಂಟನ್ನು ಹೆಬ್ಬೆರಳಿನಿಂದ ಮುಟ್ಟಿದೆ. ಕೆಳಗೆ ಕರಿಯದರ ಒರಟು, ಮೇಲೆ ತೆಳುಚಿಪ್ಪಿನದರ ನಯ, ನಡುವೆ ಉಬ್ಬಿಲ್ಲ, ತಗ್ಗಿಲ್ಲ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂಬುದೇ ಬೆರಳಿಗೆ ಸಿಗಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದೆ. ಗಿಡವನ್ನು ಹಿಡಿದುಕೊಂಡೆ. ಜಗ್ಗಿದ್ದರೆ ಬರುತ್ತಿತ್ತು, ಇನ್ನೂ ಎಳೆಯ ಬೇರು.

"ಕೈ ತೆಗಿ," ಎಂದರು ಮೇಷ್ಟ್ರು.

ತೆಗೆದೆ.

ಗೇಟು ದಾಟುವಾಗ ಹಿಂದೆ ನೀರು ಬೀಳುವ ಸದ್ದು ಮತ್ತೆ ಶುರುವಾಯಿತು. ಒಂದು ಗಿಡಕ್ಕೆ ಹಾಕಿ ನಿಂತಿತು. ಆಮೇಲೆ ಎರಡನೆಯದಕ್ಕೆ.